ರಾಯಚೂರಿಗೆ ಬಂದ ಚಳಿ ಜಾಕೆಟ್

ನಾನು ಒಂದು ಚಳಿ ಜಾಕೆಟ್. ಲೂಧಿಯಾನದ ಕಾರ್ಖಾನೆಯೊಂದರಲ್ಲಿ ನನ್ನ ಹೊಟ್ಟೆಗೆ ಬಾತುಕೋಳಿಯ ಪುಕ್ಕ ತುಂಬಿ ಹೊಲಿದರು. ನನ್ನ ಜೊತೆ ಹುಟ್ಟಿದವರು ಲಡಾಖಿಗೆ, ಮನಾಲಿಗೆ ಹೋದರು. ನಾನು ರಾಯಚೂರಿಗೆ ಬಂದೆ. ಅದೂ ಮೇ ತಿಂಗಳಲ್ಲಿ.

ತರಿಸಿಕೊಂಡವನು ಅಮರೇಶ. ಹಿಮ ಬಿದ್ದ ಬೆಟ್ಟವನ್ನು ಒಮ್ಮೆಯಾದರೂ ಹತ್ತಬೇಕೆಂಬುದು ಅವನ ಆಸೆ. ನನ್ನನ್ನು ತೊಟ್ಟು ಕೂಲರಿನ ಮುಂದೆ ನಿಂತ. ಅವನ ತಾಯಿ ಹಂಪಮ್ಮ ನನ್ನ ತೋಳು ಹಿಸುಕಿ ನೋಡಿದರು.

"ಏನಪಾ ಇದು, ಗಾದಿಗೆ ತೋಳು ಹಚ್ಚಿಸ್ಕೊಂಡು ಬಂದೀಯಲ್ಲ!"

ಹೆಂಡತಿ ವಿಶಾಲಾ ನಕ್ಕಳು. "ಬಿಚ್ಚರಿ, ಬೆಂದು ಹೋಗ್ತೀರಿ."

ಚಳಿಗಾಲ ಬರುತ್ತಿತ್ತು, ರಜೆ ಸಿಗುತ್ತಿರಲಿಲ್ಲ. ಅಮರೇಶ ಆಗಾಗ ಬೀರು ತೆರೆದು, ಬೆವರು ಒರೆಸಿಕೊಳ್ಳುತ್ತ, "ಈ ಸಲ ಹೋಗೋಣಪಾ" ಎಂದು ನನಗೆ ಹೇಳುತ್ತಿದ್ದ. ಒಂದು ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದ. ಮರಳಿ ಬರಲಿಲ್ಲ. ಬೀರುವಿನ ಬಾಗಿಲು ಬಹಳ ಕಾಲ ತೆರೆಯಲಿಲ್ಲ.

ತೆರೆದವಳು ವಿಶಾಲಾ. ಆ ಬೆಟ್ಟಕ್ಕೆ ತಾನೇ ಹೋಗುವುದೆಂದು ನಿಶ್ಚಯಿಸಿದ್ದಳು. ಹಂಪಮ್ಮ ಬೇಡವೆನ್ನಲಿಲ್ಲ. ಮಗನ ಬನಿಯನ್ ಒಂದನ್ನು ತಂದುಕೊಟ್ಟರು.

"ಮ್ಯಾಲೆ ಏನರ ಹಾಕ್ಕೋ. ಮೈಗೆ ಮಾತ್ರ ಹತ್ತೀನೇ ತಾಕಬೇಕು ನೋಡವ್ವ."

ಹತ್ತಿ ಬೆಳೆಯುವ ಊರಿನ ನಂಬಿಕೆ ಅದು. ರಾಯಚೂರಿನ ಬಿಸಿಲಿಗೆ ಸರಿಯೇ.

ಹಿಮಾಲಯದಲ್ಲಿ ವಿಶಾಲಾ ಬನಿಯನ್ ಮೇಲೆ ಉಣ್ಣೆಯ ಒಳಅಂಗಿ, ಅದರ ಮೇಲೆ ಸ್ವೆಟರ್, ಎಲ್ಲದರ ಮೇಲೆ ನನ್ನನ್ನು ತೊಟ್ಟಳು. ತೋಳುಗಳು ಕೆಳಗಿಳಿಯಲೊಲ್ಲವು. ಮೂಗು ಒರೆಸಿಕೊಳ್ಳಲೂ ಪಕ್ಕದವರ ಸಹಾಯ ಬೇಕಾಯಿತು. ಏರುತ್ತ ಏರುತ್ತ ಬೆವರಿದಳು. ಶಿಖರ ಕಣ್ಣಿಗೆ ಬೀಳುವಷ್ಟರಲ್ಲಿ ಗಾಳಿ ಎದ್ದಿತು. ಅವಳ ಹಲ್ಲು ಕಟಕಟ ಅನ್ನತೊಡಗಿತು. ನನಗೆ ಅವಮಾನ. ಹುಟ್ಟಿದ ಮೇಲೆ ಸಿಕ್ಕ ಮೊದಲ ಕೆಲಸ ಇದು!

ತಂಡದ ನಾಯಕಿ, ಧಾರವಾಡದ ಸುಲೋಚನಾ, ಅವಳ ಕೊರಳ ಪಟ್ಟಿಯೊಳಗೆ ಬೆರಳಾಡಿಸಿದಳು.

"ಒಳಗ ಹತ್ತೀದು ಹಾಕೀರೇನು? ಬೆವರಿಗೆ ಪೂರಾ ತೊಯ್ದದ. ತೊಯ್ದ ಹತ್ತಿ ಮೈಯ ಕಾವು ಕಸೀತದ. ತಗೀರಿ. ಇಲ್ಲಾಂದ್ರ ಕೆಳಗ ಕಳಸ್ತೀನಿ."

"ಇದೊಂದು ಇರ್ಲಿರಿ."

"ಯಾಕ, ಬಂಗಾರದ್ದೇನು?"

"ನಮ್ಮನೆಯವರದು."

ಸುಲೋಚನಾ ಬೆರಳು ಹಿಂತೆಗೆದುಕೊಂಡಳು. ವಿಶಾಲಾ ಶಿಖರವನ್ನೊಮ್ಮೆ ನೋಡಿ, ಬಂಡೆಯ ಮರೆಗೆ ನಡೆದಳು. ಸುಲೋಚನಾ ನನ್ನನ್ನು ಪರದೆಯಂತೆ ಅಡ್ಡ ಹಿಡಿದಳು. ವಿಶಾಲಾ ಬೇರೆ ಒಣ ಒಳಅಂಗಿ ತೊಟ್ಟು, ಬನಿಯನ್ ಹಿಂಡಿ ಮಡಿಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ನನ್ನ ಒಳಜೇಬಿಗೆ ಸೇರಿಸಿದಳು. ನನ್ನನ್ನು ಮತ್ತೆ ತೊಟ್ಟು ಜಿಪ್ ಎಳೆದಳು. ಪುಕ್ಕಕ್ಕೆ ಒದ್ದೆಯೆಂದರೆ ಆಗದು, ಚೀಲ ತೂತಿರಬಹುದೆಂಬ ಭಯ. ಆದರೂ ಗಟ್ಟಿಯಾಗಿ ಅವುಚಿಕೊಂಡೆ. ಅವಳ ನಡುಕ ನಿಧಾನವಾಗಿ ನಿಂತಿತು. ಅವಳು, ಬನಿಯನ್, ನಾನು, ಮೂವರೂ ಶಿಖರ ಹತ್ತಿದೆವು.

ಈಗ ನನಗೆ ವಯಸ್ಸಾಗಿದೆ. ಹೊಲಿಗೆ ಬಿಟ್ಟಲ್ಲಿ ಪುಕ್ಕ ಹಾರುತ್ತದೆ. ಹಂಪಮ್ಮ ಅದನ್ನು ಗುಡಿಸುತ್ತ ಇವತ್ತಿಗೂ ಕೇಳುತ್ತಾರೆ:

"ಖರೇ ಹೇಳವ್ವ, ಬನಿಯನ್ನು ಚಳಿ ತಡೀತೋ ಇಲ್ಲೋ?"

"ತಡೀತು ಅತ್ತಿ."

"ಮತ್ತೆ! ಈ ಗಾದಿಯಿಂದ ಏನಾಗ್ತದ?"

ನಾನು ಏನೂ ಹೇಳುವುದಿಲ್ಲ. ಜಿಪ್ ಇದ್ದವರಿಗೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟವಲ್ಲ.