ಇನ್ನೊಂದೇ ಪ್ರಶ್ನೆ

ನಮ್ಮ ಕೋರ್ಟಿಗೆ ಹೊಸ ನ್ಯಾಯಾಧೀಶರು ಬರುತ್ತಾರೆ ಎಂದಾಗ ನನಗೇನೂ ಅನಿಸಲಿಲ್ಲ. ಬರುವವಳು ಆ ಟೈಪಿಸ್ಟ್ ಹುಡುಗಿ ಎಂದು ತಿಳಿದಾಗ ಹೊಟ್ಟೆಗೆ ಬೆಂಕಿ ಬಿತ್ತು. ಸುಳ್ಳು ಯಾಕೆ ಹೇಳಲಿ, ಇವತ್ತಿಗೂ ಆರಿಲ್ಲ.

ಹದಿನೈದು ವರ್ಷದ ಹಿಂದೆ ಅವಳು ಇದೇ ಕೋರ್ಟಿನಲ್ಲಿ, ನ್ಯಾಯಾಧೀಶರ ಪೀಠದ ಕೆಳಗೆ ಕೂತು ಸಾಕ್ಷಿಗಳ ಹೇಳಿಕೆ ಟೈಪ್ ಮಾಡುತ್ತಿದ್ದಳು. ನಾನು ಪಾಟೀಸವಾಲು ಮಾಡುವಾಗ ನಡುನಡುವೆ ಕೀಲಿಗಳ ಮೇಲಿಂದ ಬೆರಳೆತ್ತಿ ನನ್ನ ಮುಖ ನೋಡುತ್ತಿದ್ದಳು. "ಕೈ ನೋವಾ? ಟೈಪ್ ಮಾಡಮ್ಮ!" ಎಂದು ಎಷ್ಟು ಸಲ ಗದರಿದ್ದೇನೋ. ಆಮೇಲೆ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದಳಂತೆ, ಬೇರೆ ಊರಿನಲ್ಲಿ ವಕೀಲಿಕೆ ಮಾಡಿದಳಂತೆ, ನ್ಯಾಯಾಧೀಶರ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದಳಂತೆ. ಅದೇ ಪರೀಕ್ಷೆಯನ್ನು ನಾನು ಮೂರು ಸಲ ಬರೆದು ಮೂರು ಸಲವೂ ಮಣ್ಣುಮುಕ್ಕಿದವನು.

"ನಿಮಗೆ ಅವರು ಮೊದಲಿಂದ ಗೊತ್ತಲ್ಲ ಸಾರ್, ಸ್ವಾಗತ ಸಮಾರಂಭದಲ್ಲಿ ಪರಿಚಯ ನೀವೇ ಮಾಡ್ಕೊಡಿ," ಎಂದ ವಕೀಲರ ಸಂಘದ ಕಾರ್ಯದರ್ಶಿ. ಒಪ್ಪಿಕೊಂಡೆ. ಒಪ್ಪಿಕೊಂಡ ಕಾರಣ ಒಳ್ಳೆಯದಲ್ಲ.

ಎರಡು ದಿನ ಕೂತು ಬರೆದೆ. ಹಿಂದಿನ ನ್ಯಾಯಾಧೀಶರ ಹಿನ್ನೆಲೆಯಿಂದಲೇ ಶುರು ಮಾಡಿದೆ: ಒಬ್ಬರು ನ್ಯಾಯಮೂರ್ತಿಗಳ ಮಗ, ಇನ್ನೊಬ್ಬರು ಕಾನೂನು ಕಾಲೇಜಿನ ಪ್ರಾಧ್ಯಾಪಕರು, ಮತ್ತೊಬ್ಬರು ಇಪ್ಪತ್ತು ವರ್ಷ ಸರ್ಕಾರಿ ವಕೀಲರಾಗಿದ್ದವರು. ಕೊನೆಗೆ, "ಇವರಾದರೋ, ಇದೇ ಕೋರ್ಟಿನ ಟೈಪಿಸ್ಟ್." ಹೆಂಡತಿಯ ಎದುರು ಓದಿ ತೋರಿಸಿದೆ.

"ಟೈಪಿಸ್ಟ್ ಅನ್ನೋಕೆ ಮುಂಚೆ ಅಷ್ಟು ಹೊತ್ತು ಯಾಕ್ರೀ ನಿಲ್ಲಿಸ್ತೀರಾ?"

"ಗಾಂಭೀರ್ಯಕ್ಕೆ."

"ಗಾಂಭೀರ್ಯ ಅಲ್ಲ, ಹೊಟ್ಟೆಕಿಚ್ಚು. ಸುಟ್ಟ ವಾಸನೆ ಅಡುಗೆಮನೆವರೆಗೂ ಬರ್ತಿದೆ."

ಸಮಾರಂಭದಲ್ಲಿ ಆ ಮಾತು ಹೇಳಿ, ಅವಳ ತಲೆ ತಗ್ಗುತ್ತದೆಂದು ಕಾದೆ. ಹಿಂದಿನ ಸಾಲಿನಲ್ಲಿದ್ದ ಗುಮಾಸ್ತರು, ಜವಾನರು, ಟೈಪಿಸ್ಟರು ಎದ್ದುನಿಂತು ಚಪ್ಪಾಳೆ ಹೊಡೆದರು. ನಾನು ಇಂಗು ತಿಂದ ಮಂಗನಂತಾದೆ.

ಅವಳು ಮೈಕಿನ ಮುಂದೆ ಬಂದಳು. "ಸಾರ್ ಒಂದು ವಿಷಯ ಬಿಟ್ಟುಬಿಟ್ರು. ನಾನು ಕಾನೂನು ಕಲಿತಿದ್ದೇ ಅವರ ಪಾಟೀಸವಾಲು ಟೈಪ್ ಮಾಡ್ತಾ. ಬೇಕಾದ ಉತ್ತರ ಬಂದ ಕೂಡ್ಲೇ ನನ್ನ ಬೆರಳು ತಾನಾಗೇ ಮೇಲೇಳ್ತಿತ್ತು, ಇನ್ನು ಸಾಕು ಅಂತ. ಸಾರ್ ಮಾತ್ರ, ಇನ್ನೊಂದೇ ಪ್ರಶ್ನೆ, ಅಂತಿದ್ರು."

ಎಲ್ಲರೂ ಬಿದ್ದುಬಿದ್ದು ನಕ್ಕರು. 'ಇನ್ನೊಂದೇ ಪ್ರಶ್ನೆ' ಎಂಬುದೇ ವಕೀಲರು ನನಗಿಟ್ಟ ಅಡ್ಡಹೆಸರು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಇನ್ನಷ್ಟು ಉರಿಸಿತು.

ಮುಂದಿನ ವಾರ ಅವಳೆದುರು ನನ್ನ ಮೊದಲ ಕೇಸು. ಬೀದಿಯಲ್ಲಿ ಒಬ್ಬ ಅಂಗಡಿಯವನಿಗೆ ಹೊಡೆದನೆಂಬ ಆರೋಪ ನನ್ನ ಕಕ್ಷಿದಾರನ ಮೇಲಿತ್ತು. ಬಸ್ ಡ್ರೈವರ್, ಶಿಕ್ಷೆಯಾದರೆ ಕೆಲಸ ಹೋಗುತ್ತದೆ. ನೋಡಿದ ಸಾಕ್ಷಿ ಒಬ್ಬನೇ, ಎದುರಿನ ಕಟಿಂಗ್ ಶಾಪಿನವನು.

"ಆಗ ನೀವು ಗಿರಾಕಿಗೆ ಶೇವಿಂಗ್ ಮಾಡ್ತಿದ್ರಿ?"

"ಹೌದು ಸ್ವಾಮಿ."

"ಬೀದಿಗೆ ಬೆನ್ನು ಹಾಕಿ?"

"ಹೌದು."

"ತಿರುಗಿ ನೋಡ್ಲಿಲ್ಲ?"

"ಗಿರಾಕಿ ಕತ್ತಿನ ಮೇಲೆ ಕತ್ತಿ ಇತ್ತು, ಹೇಗೆ ತಿರುಗ್ಲಿ?"

ಕೇಸು ಗೆದ್ದಂತೆಯೇ ಎಂದು ತಲೆಯೆತ್ತಿದೆ. ಬರೆದುಕೊಳ್ಳುತ್ತಿದ್ದ ನ್ಯಾಯಾಧೀಶರು ಪೆನ್ನು ಮೇಲೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೇ ಗೊತ್ತಿಲ್ಲದ ಹಳೇ ಅಭ್ಯಾಸ. ಈ ಸಲ ನನಗೆ ಅರ್ಥವಾಯಿತು. ತೆಪ್ಪಗೆ ಕೂರಬೇಕಿತ್ತು. ಆದರೆ ಇವಳು ಸಾಕು ಅಂದರೆ ನಾನು ನಿಲ್ಲಿಸಬೇಕಾ?

"ಇನ್ನೊಂದೇ ಪ್ರಶ್ನೆ," ಎಂದೆ. "ಹಾಗಿದ್ರೆ ಹೊಡೆದದ್ದು ಇವನೇ ಅಂತ ಹೇಗೆ ಹೇಳ್ತೀರಿ?"

"ಎದುರಿಗೆ ಗೋಡೆ ತುಂಬ ಕನ್ನಡಿ ಇದೆಯಲ್ಲ ಸ್ವಾಮಿ."

ಡ್ರೈವರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಹೊಸ ಟೈಪಿಸ್ಟ್ ಬೆರಳೆತ್ತಿ ನನ್ನನ್ನೇ ನೋಡುತ್ತಿದ್ದಳು.

"ಟೈಪ್ ಮಾಡಮ್ಮ," ಎಂದರು ನ್ಯಾಯಾಧೀಶರು, ಮೆತ್ತಗೆ.