ಕೆಂಡ ಆರುವ ತನಕ

ಪೆಟ್ಟಿಗೆ ತಣ್ಣಗಾಗದೆ ಮೊಹರು ಹಾಕುವ ಹಾಗಿರಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಮುಚ್ಚಳಕ್ಕೆ ತಂತಿ ಸುತ್ತಿ, ಗಂಟಿನ ಮೇಲೆ ಅರಗು ಇಳಿಸಿ, ಅದರ ಮೇಲೆ ಮುದ್ರೆ ಒತ್ತಬೇಕು. ಒಳಗೆ ಕೆಂಡವಿದ್ದರೆ ಅರಗು ಹಿಡಿಯುವುದಿಲ್ಲ, ಕರಗಿ ಇಳಿದುಹೋಗುತ್ತದೆ. ಹಾಗಾಗಿ ಸರ್ಕಾರದ ಕಡೆಯಿಂದ ಬಂದ ಮೊಹರಿನ ಸಾಹೇಬರು ಗಿರಾಕಿಗಳ ಬೆಂಚಿನ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಊಟದ ಹೊತ್ತಿಗೆ ಮುಂಚೆಯೇ ಬಂದುಬಿಟ್ಟ ನೆಂಟರ ಹಾಗೆ ಗೋಡೆ ನೋಡುತ್ತಿದ್ದರು.

"ಕೆಂಡ ಸುರಿದುಬಿಟ್ರೆ ಬೇಗ ಆರುತ್ತಲ್ವೇನಮ್ಮಾ?" ಎಂದರು, ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ ದೊಡ್ಡಮ್ಮನಿಗೆ.

"ಎಲ್ಲಿಗೆ ಸುರೀಲಿ? ಬೀದಿಗೆ ಸುರಿದ್ರೆ ಅದಕ್ಕೂ ಒಂದು ಕಾಯ್ದೆ ಇಟ್ಕೊಂಡಿರ್ತೀರಿ. ಕೂತ್ಕೊಳ್ಳಿ ಸಾಹೇಬ್ರೇ, ಅದರ ಪಾಡಿಗೆ ಅದು ಆರ್ಲಿ. ಬಿಸಿ ಇರೋ ತನಕ ಉಳಿದಿರೋ ಬಟ್ಟೆ ಇಸ್ತ್ರಿ ಮಾಡಿಬಿಡ್ತೀನಿ. ಬೇರೆಯವರ ಬಟ್ಟೆ ಮುದ್ದೆ ಮಾಡಿ ವಾಪಸ್ ಕೊಟ್ರೆ ನನಗೆ ನಿದ್ದೆ ಬರಲ್ಲ."

ಸಾಹೇಬರು ಯೋಚಿಸಿದರು. ತಣ್ಣಗಾದ ಮೇಲೆ ಮೊಹರು ಹಾಕಿ ಎಂದು ಅವರಿಗೆ ಹೇಳಿದ್ದರೇ ಹೊರತು, ತಣ್ಣಗಾಗುವ ತನಕ ಏನು ಮಾಡಬಾರದು ಎಂದು ಯಾರೂ ಹೇಳಿರಲಿಲ್ಲ. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಮಂಡಿ ನೋವು ಬೇರೆ. "ಆಯ್ತು" ಎಂದು ಕಾಲು ಚಾಚಿದರು.

ಗಿಣಿ ಬಂದು ಹೊಸಿಲ ಮೇಲೆ ನಿಂತದ್ದು ಆಗ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಹೆಗಲಿಗೆ ಕೆಲಸದ ಚೀಲ. ಮೂವತ್ತು ದಾಟಿದ ಹೆಂಗಸು. ಆದರೂ ಚಿಕ್ಕಂದಿನಲ್ಲಿ ಬಾಯಿ ಮುಚ್ಚದೆ ಮಾತಾಡುತ್ತಿದ್ದಳೆಂದು ದೊಡ್ಡಮ್ಮ ಇಟ್ಟ ಹೆಸರು ಬಿಟ್ಟಿರಲಿಲ್ಲ. ಅಮ್ಮ ರಾತ್ರಿ ಪಾಳಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಗಿಣಿ ಮಲಗುತ್ತಿದ್ದದ್ದು ಇದೇ ಇಸ್ತ್ರಿ ಮೇಜಿನ ಕೆಳಗೆ. ಚಳಿಯಾದರೆ ದೊಡ್ಡಮ್ಮ ಆಗಷ್ಟೇ ಮಡಿಸಿದ ಯಾರದೋ ಬಿಸಿ ಬಟ್ಟೆ ತೆಗೆದು ಕಾಲಿನ ಮೇಲೆ ಹಾಕುತ್ತಿದ್ದಳು.

"ಬಂದ್ಯಾ? ಬಾ. ಪೆಟ್ಟಿಗೆಗೆ ಬೀಗ ಹಾಕೋಕೆ ಬಂದಿದ್ದಾರೆ. ನೀನೂ ಒಂದ್ಸಲ ನೋಡ್ಕೋ" ಎಂದಳು ದೊಡ್ಡಮ್ಮ, ಅಂಗಿಯ ಕಾಲರಿನ ಮೇಲೆ ನೀರು ಚಿಮುಕಿಸುತ್ತ.

ಗಿಣಿಗೆ ಏನು ಹೇಳಬೇಕೋ ತೋಚಲಿಲ್ಲ. ತೋಚದಿದ್ದಾಗ ಜನ ಮಾಡುವುದನ್ನೇ ಮಾಡಿದಳು. ಸಾಹೇಬರ ಮೇಲೆ ಹರಿಹಾಯ್ದಳು. "ಏನ್ಸಾರ್ ಇದು, ಒಬ್ಬಳು ಹೆಂಗಸು ಒಂದು ಪೆಟ್ಟಿಗೆ ಇಟ್ಕೊಂಡು ಬದುಕೋದೂ ತಪ್ಪಾ? ನಿಮ್ಮ ಕಾಯ್ದೆ ಏನು ಹೇಳುತ್ತೆ ಅಂತ ನಿಮಗಾದ್ರೂ ಗೊತ್ತಾ?"

ಸಾಹೇಬರಿಗೆ ಕೋಪ ಬರಲಿಲ್ಲ. "ಪೂರ್ತಿ ನನಗೂ ಗೊತ್ತಿಲ್ಲ ತಾಯಿ, ಅಷ್ಟುದ್ದ ಇದೆ ಅದು. ಎಲ್ರೂ ಹೇಳ್ತಾರಲ್ಲ, ಅಷ್ಟು ಗೊತ್ತು. ಮನೆಗೆ ಒಲೆ ಸಾಕು, ಕುಲುಮೆ ಯಾಕೆ?"

ಗಿಣಿ ಹೆಗಲಿನ ಚೀಲವನ್ನು ಕೆಳಗಿಳಿಸಿದಳು.

ಆ ಮಾತು ಅವಳದೇ.

ಎರಡು ಬೇಸಿಗೆಯ ಹಿಂದೆ ದೂರದ ಊರೊಂದರಲ್ಲಿ, ಮನೆಯೊಳಗೇ ನಡೆಸುತ್ತಿದ್ದ ಬಣ್ಣದ ಕಾರ್ಖಾನೆಗೆ ಬೆಂಕಿ ಬಿದ್ದು ಮಹಡಿಯ ಮೇಲಿದ್ದ ಸಂಸಾರಗಳು ಸುಟ್ಟುಹೋಗಿದ್ದವು. ವಾಸದ ಮನೆಯಲ್ಲಿ ಬೆಂಕಿ, ಆವಿ ಬಳಸಿ ದುಡಿಯಬಾರದೆಂದು ದೇಶಕ್ಕೆಲ್ಲ ಒಂದು ಕಾಯ್ದೆ ತರಬೇಕೆಂದು ಮಾತಾಯಿತು. ತರುವ ಮೊದಲು ಜನರ ಅಭಿಪ್ರಾಯ ಕೇಳಬೇಕು. ಆ ಕೇಳುವ ಕೆಲಸ ಗಿಣಿಯ ಕಚೇರಿಗೆ ಬಂತು. ಕಾಯ್ದೆಯನ್ನು ಸರಳ ಮಾತಿನಲ್ಲಿ ಬರೆದ ದಪ್ಪ ಕಾರ್ಡೊಂದನ್ನು ಕೊಟ್ಟರು. ಮನೆಮನೆಗೆ ಹೋಗಿ, ಎರಡೂ ಬದಿ ಓದಿ ಹೇಳಿ, ಬೇಕೋ ಬೇಡವೋ ಕೇಳಿಕೊಂಡು ಬರಬೇಕು. "ಓದಬೇಕು ಅಷ್ಟೆ, ಬಿಡಿಸಿ ಹೇಳೋಕೆ ಹೋಗ್ಬೇಡಿ" ಎಂದು ಮೇಲ್ವಿಚಾರಕರು ಮೊದಲ ದಿನವೇ ಹೇಳಿದ್ದರು. "ದನಿ ಏರಿಸಬಾರದು, ಇಳಿಸಬಾರದು. ನಲ್ಲಿಯಿಂದ ನೀರು ಬಂದ ಹಾಗೆ ಬರಬೇಕು."

ನಲ್ಲಿ ನೀರಿನ ದನಿಯನ್ನು ಬಾಗಿಲಲ್ಲಿ ನಿಂತು ಯಾರು ಕೇಳುತ್ತಾರೆ? ಒಬ್ಬರ ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತಿತ್ತು, ಇನ್ನೊಬ್ಬರ ಮಗು ಅಳುತ್ತಿರುತ್ತಿತ್ತು. "ಒಂದೇ ಮಾತಲ್ಲಿ ಹೇಳಮ್ಮ, ಏನಂತೆ?" ಎನ್ನುತ್ತಿದ್ದರು. ಒಂದು ದಿನ ಗಿಣಿಯ ಬಾಯಿಂದ ತಾನಾಗಿ ಒಲೆ, ಕುಲುಮೆಯ ಆ ಮಾತು ಬಿತ್ತು. ಕೇಳಿದ ಮುದುಕ ನಕ್ಕು ತಲೆಯಾಡಿಸಿದ. "ಇದು ನೋಡು, ತಲೆಗೆ ಹೋಗೋ ಮಾತು. ಬರ್ಕೋ, ಬೇಕು ಅಂತ." ಆಮೇಲೆ ಅವಳು ಕಾರ್ಡನ್ನು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು, ತಿರುಗಿಸುತ್ತಿರಲಿಲ್ಲ. ಉಳಿದವರು ಒಂದು ಬೀದಿ ಮುಗಿಸುವುದರೊಳಗೆ ಅವಳು ಬಡಾವಣೆ ಮುಗಿಸಿರುತ್ತಿದ್ದಳು. ಮೇಲ್ವಿಚಾರಕರು ಮೊದಲು ಹುಬ್ಬೇರಿಸಿದರು, ಆಮೇಲೆ ಬೆನ್ನು ತಟ್ಟಿದರು, ಕೊನೆಗೆ ಆ ಮಾತನ್ನೇ ತಮ್ಮ ವರದಿಯ ತಲೆಯ ಮೇಲೆ ಇಟ್ಟರು. ಅಲ್ಲಿಂದ ಅದು ಪತ್ರಿಕೆಗೆ ಹಾರಿತು, ಪತ್ರಿಕೆಯಿಂದ ಮಂತ್ರಿಗಳ ಬಾಯಿಗೆ. ಮೊದಲ ಸಲ ಅದನ್ನು ರೇಡಿಯೋದಲ್ಲಿ ಕೇಳಿದಾಗ ಗಿಣಿಗೆ ಮೈ ಜುಮ್ಮೆಂದಿತ್ತು. ಸುಳ್ಳು ಯಾಕೆ, ಹೆಮ್ಮೆಯೇ ಆಗಿತ್ತು.

"ಸಾಹೇಬ್ರನ್ನ ಯಾಕೆ ಬೈತೀಯೇ?" ಎಂದಳು ದೊಡ್ಡಮ್ಮ. "ಕುದುರೆ ಕೆಡವಿದ್ರೆ ಜೀನಿಗೆ ಹೊಡೆದ್ರಂತೆ. ಬೇಕು ಅಂತ ಹೇಳಿದ್ದು ನಾನೇ. ನೀನೇ ಬರ್ಕೊಂಡು ಹೋದೆ."

"ಅರ್ಜಿ ಹಾಕೋಣ ದೊಡ್ಡಮ್ಮ. ನಾನು ಬರೀತೀನಿ. ಬೇಡ ಅಂತ ಈಗ್ಲೂ ಹೇಳ್ಬಹುದು."

"ಹೇಳೋದು ಹೇಳಿ ಆಮೇಲೆ ನಾಲಿಗೆ ಹೊರಳಿಸೋದಾ? ನನ್ನ ಕೈಲಾಗಲ್ಲ." ದೊಡ್ಡಮ್ಮ ಅಂಗಿಯ ತೋಳನ್ನು ಮಡಿಸಿ ಮೇಲೆ ಪೆಟ್ಟಿಗೆ ಒತ್ತಿದಳು. "ನನ್ನದು ಹೋಗ್ಲಿ ಬಿಡು. ನನಗೆ ವಯಸ್ಸಾಯ್ತು, ಯಾರದ್ದೋ ಅಂಗಡೀಲಿ ಬಟ್ಟೆ ಮಡಿಚ್ಕೊಂಡು ಬದುಕ್ತೀನಿ. ಎದುರುಮನೆಯವಳಿಗೆ ಏನು ಹೇಳ್ಲಿ ಹೇಳು."

ಎದುರುಮನೆಯವಳು ಮೇಣದ ಬತ್ತಿ ಮಾಡುವವಳು. ಅವಳ ಮೇಣ ಕಾಯಿಸುವ ಒಲೆಗೆ ಹೋದ ವಾರವೇ ಮೊಹರು ಬಿದ್ದಿತ್ತು. ಅಂದಿನಿಂದ ದೊಡ್ಡಮ್ಮ ಬಾಗಿಲಿಗೆ ಬಂದರೆ ಆ ಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿತ್ತು.

"ಅವಳು ಆವತ್ತೇ ಕೇಳಿದ್ಲು. ಅಕ್ಕಾ, ಇದು ನಮ್ಮ ಕುತ್ತಿಗೆಗೇ ಬರಲ್ಲ ತಾನೇ ಅಂತ. ನಾನೇ ಹೋಗಿ ಹೇಳ್ದೆ. ಹುಚ್ಚಿ, ನಮ್ಮ ಗಿಣಿ ಹೇಳಿದಾಳೆ, ನಮಗಲ್ಲ, ದೊಡ್ಡ ದೊಡ್ಡವರಿಗೆ, ಬೇಕು ಅನ್ನು ಅಂದೆ. ಈ ಸಾಲಿನ ಮನೆಗಳಿಗೆಲ್ಲ ನಾನೇ ಹೇಳ್ದೆ." ಪೆಟ್ಟಿಗೆ ಒಂದು ಕ್ಷಣ ನಿಂತಿತು. ಬಟ್ಟೆ ಸುಡುವುದೆಂದು ನೆನಪಾಗಿ ಮತ್ತೆ ಚಲಿಸಿತು. "ನೀನು ಹೇಳಿದ್ದು ಒಂದು, ನಾನು ಕೇಳಿಸ್ಕೊಂಡಿದ್ದು ಇನ್ನೊಂದು ಆಗಿರುತ್ತೆ. ನನ್ನ ತಲೆ ಎಷ್ಟು ಓಡುತ್ತೆ? ಪಾಪ, ಅವಳ ಅನ್ನಕ್ಕೆ ನಾನು ಕಲ್ಲು ಹಾಕಿದ ಹಾಗಾಯ್ತು."

ಸಾಹೇಬರು ಬೆಂಚಿನಿಂದ ಬಗ್ಗಿ ಪೆಟ್ಟಿಗೆಯ ಹತ್ತಿರ ಕೈ ಒಡ್ಡಿ ನೋಡಿದರು. ಶಾಖ ಇನ್ನೂ ಇತ್ತು. ಮತ್ತೆ ಒರಗಿದರು.

ಗಿಣಿಯ ಚೀಲದಲ್ಲಿ ಹಳೆಯ ಕಾರ್ಡುಗಳ ಜೊತೆ ಆ ಕಾರ್ಡೂ ಇತ್ತು. ಸುಮ್ಮನಿದ್ದರೆ ಸಾಕಿತ್ತು. ದೊಡ್ಡಮ್ಮ ತಪ್ಪನ್ನು ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡಾಗಿತ್ತು. ಅಷ್ಟು ಹೊರೆಯನ್ನು ಹೊತ್ತುಕೊಂಡೂ ಅವಳು ಸಾಹೇಬರಿಗೆ ನೀರು ಬೇಕಾ ಎಂದು ಕೇಳುತ್ತಿದ್ದಳು.

"ನೀನು ಸರಿಯಾಗೇ ಕೇಳಿಸ್ಕೊಂಡೆ" ಎಂದಳು ಗಿಣಿ.

"ಏನಂದೆ?"

"ನಿಮಗಲ್ಲ ಅಂತ ನಾನೇ ಹೇಳಿದ್ದು. ಕಾರ್ಡಿನ ಹಿಂಬದೀಲಿ ಬೇರೆ ಇತ್ತು. ನಾನು ಓದ್ಲಿಲ್ಲ."

"ಮರೆತುಹೋಯ್ತೇನೋ ಬಿಡು. ಎಷ್ಟು ಮನೆ ತಿರುಗ್ತೀಯ ಪಾಪ."

"ಹೂಂ" ಎಂದಳು ಗಿಣಿ. ಆಮೇಲೆ ಅಡ್ಡಡ್ಡ ತಲೆಯಾಡಿಸಿದಳು. "ಮರೆತಿದ್ದಲ್ಲ. ಸಂಜೆ ಆಗಿತ್ತು. ಹಸಿವಾಗಿತ್ತು."

ದೊಡ್ಡಮ್ಮ ತಲೆಯೆತ್ತಿದಳು. "ಹಸಿವಾಗಿತ್ತಾ? ಈ ಮನೇಲಿ ನಿಂತ್ಕೊಂಡು ನಿನಗೆ ಹಸಿವಾಗಿತ್ತಾ? ಬಾಯಿ ಬಿಟ್ಟು ಕೇಳಿದ್ರೆ ಊಟಕ್ಕಿಡ್ತಿರ್ಲಿಲ್ವಾ ನಾನು? ಉಂಡು ಕೈ ತೊಳ್ಕೊಂಡು ಓದೋದು ತಾನೇ?"

ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಗಿಣಿಗೆ ಇನ್ನು ಅಡಗಿಕೊಳ್ಳಲು ಜಾಗ ಉಳಿಯಲಿಲ್ಲ.

"ಅದೂ ಅಲ್ಲ, ದೊಡ್ಡಮ್ಮ. ನನಗೆ ಗೊತ್ತಿತ್ತು. ತಿರುಗಿಸಿ ಓದಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದ್ರೆ ಈ ಸಾಲೆಲ್ಲ ಬೇಡ ಅಂತಿತ್ತು. ಅಲ್ಲೀವರೆಗೆ ನಾನು ಹೋದ ಕಡೆ ಎಲ್ಲಾ ಬೇಕು ಅಂದಿದ್ರು. ಇಲ್ಲಿ ಯಾಕೆ ಹೀಗಾಯ್ತು, ಉಳಿದೋರಿಗೆ ಏನು ಓದಿದೆ ಅಂತ ಕಚೇರೀಲಿ ಕೇಳ್ತಿದ್ರು. ಇದು ಎಲ್ಲಿ ಕಾಯ್ದೆ ಆಗುತ್ತೆ, ಆದ್ರೂ ನಿಮ್ಮನ್ನ ಹುಡುಕ್ಕೊಂಡು ಯಾರು ಬರ್ತಾರೆ ಅಂದ್ಕೊಂಡೆ."

ಹಾಗೆ ಹುಡುಕಿಕೊಂಡು ಬಂದವರು ತಾವೇ ಎಂಬುದು ಹೊಳೆದು, ಸಾಹೇಬರು ಚೀಲದ ಬಕ್ಕಲನ್ನು ತೆಗೆದು ಮತ್ತೆ ಹಾಕಿದರು.

ದೊಡ್ಡಮ್ಮ ಕೈಯಲ್ಲಿದ್ದ ಅಂಗಿಯನ್ನು ಬೋರಲು ಹಾಕಿ, ಬೆನ್ನಿನ ಭಾಗವನ್ನು ಎಳೆದು, ಈ ತುದಿಯಿಂದ ಆ ತುದಿಯವರೆಗೆ ಪೆಟ್ಟಿಗೆ ನೂಕಿದಳು. ಸುಕ್ಕು ಹೋಗಲಿಲ್ಲ. ಮತ್ತೊಮ್ಮೆ ನೂಕಿದಳು. ಮಡಿಸಿ, ಗುಂಡಿಯ ಸಾಲು ನೇರ ಮಾಡಿ, ಪಕ್ಕಕ್ಕಿಟ್ಟಳು. ಆಮೇಲೆ ಗಿಣಿಯತ್ತ ನೋಡದೆ ಹೇಳಿದಳು.

"ಇದೆಯಾ ಅದು?"

"ಇದೆ."

"ಓದು."

ಗಿಣಿ ಕಾರ್ಡು ತೆಗೆದಳು. ಮುಂಬದಿಯ ಮೂಲೆಗಳು ಬೆರಳಿನ ಎಣ್ಣೆಗೆ ಕಪ್ಪಾಗಿದ್ದವು. ಹಿಂಬದಿ ಅಂಗಡಿಯಿಂದ ಈಗ ತಂದ ಹಾಗೆ ಬೆಳ್ಳಗಿತ್ತು. ಹೇಳಿಕೊಟ್ಟಿದ್ದ ದನಿಯಲ್ಲಿ, ಏರಿಸದೆ ಇಳಿಸದೆ ಓದಿದಳು.

"ಒಬ್ಬರೇ ಕೂತು, ಒಂದೇ ಉಪಕರಣ ಇಟ್ಟುಕೊಂಡು ಮಾಡುವ ಕೆಲಸಕ್ಕೂ ಈ ಕಾಯ್ದೆ ಅನ್ವಯಿಸುತ್ತದೆ. ಅಡುಗೆಯ ಒಲೆಯನ್ನು ದುಡಿಮೆಗೆ ಬಳಸಿದರೆ ಅದಕ್ಕೂ ಅನ್ವಯಿಸುತ್ತದೆ. ಇದರಿಂದ ನಿಮ್ಮ ಮನೆಯವರ, ನೆರೆಯವರ ಜೀವನಕ್ಕೆ ತೊಂದರೆಯಾಗಬಹುದೇ ಎಂದು ಯೋಚಿಸಿ ಉತ್ತರ ಕೊಡಿ. ಅರ್ಥವಾಗದಿದ್ದರೆ ಮತ್ತೊಮ್ಮೆ ಓದಲು ಹೇಳಿ."

"ಅಷ್ಟೇನಾ?"

"ಅಷ್ಟೆ."

"ಇಷ್ಟು ಚೆನ್ನಾಗಿ ಬರೆದಿದಾರಲ್ಲೇ" ಎಂದಳು ದೊಡ್ಡಮ್ಮ. ದನಿ ಸಣ್ಣದಾಗಿತ್ತು. "ನನ್ನಂಥವಳಿಗೂ ತಿಳಿಯುತ್ತೆ. ಇದಕ್ಕಿಂತ ಸುಲಭ ಮಾಡೋಕೆ ಹೋದೆಯಾ ನೀನು?"

ಗಿಣಿ ಅಳಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕು. "ಹೊಡಿ ನನಗೆ, ದೊಡ್ಡಮ್ಮ" ಎಂದಳು.

"ಹೊಡೆದು ನನ್ನ ಕೈ ನೋಯಿಸ್ಕೊಳ್ಲಾ? ಈ ಕೈ ಒಂದೇ ಉಳಿದಿರೋದು." ದೊಡ್ಡಮ್ಮ ಇನ್ನೊಂದು ಬಟ್ಟೆಗೆ ಕೈ ಹಾಕಿ, ಮತ್ತೆ ಬಿಟ್ಟಳು. "ನನಗೆ ಹೇಳಿದ್ದಾಯ್ತು. ನನಗೆ ಹೇಳೋದು ಸುಲಭ, ನಾನು ಎತ್ತಿ ಆಡಿಸಿದೋಳು. ಎದುರುಗಡೆ ಹೋಗಿ ಹೇಳು. ನೀನು ಬರೆಯೋ ಅರ್ಜಿ ಆಮೇಲೆ ನೋಡೋಣ, ಅವಳು ಹೂಂ ಅಂದ್ರೆ ನಾನೂ ಹೂಂ. ಮೊದ್ಲು ಹೋಗಿ ಓದು. ಈ ಬದಿ. ನಿನ್ನ ಒಲೆ ಕುಲುಮೆ ಎಲ್ಲಾ ಬೇಡ."

"ಅವಳು ಬಾಗಿಲು ತೆಗೀದೇ ಇದ್ರೆ?"

"ಬೇರೆಯವರ ಬಾಗಿಲು ತಟ್ಟೋದೇ ಅಲ್ವೇನೇ ನಿನ್ನ ಕಸುಬು?"

ಗಿಣಿ ಬೀದಿ ದಾಟಿದಳು. ಹತ್ತು ಹೆಜ್ಜೆಯ ಬೀದಿ ಅದು, ಚಿಕ್ಕಂದಿನಲ್ಲಿ ಒಂದೇ ಉಸಿರಿಗೆ ಓಡುತ್ತಿದ್ದದ್ದು. ಬಾಗಿಲು ತಟ್ಟಿದಳು. ಕಿಟಕಿ ಮುಚ್ಚಿಕೊಂಡಿತು. ಮತ್ತೆ ತಟ್ಟಿದಳು, ಕಾದಳು, ಮತ್ತೆ ತಟ್ಟಿದಳು. ಕೊನೆಗೆ ಬಾಗಿಲು ಅರ್ಧ ತೆರೆಯಿತು. ಮೇಣದ ಬತ್ತಿಯವಳು ಕೈ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ಒರೆಸಿಕೊಳ್ಳಲು ಕೈಯಲ್ಲಿ ಮೇಣ ಇರಲಿಲ್ಲ, ಅಭ್ಯಾಸ ಉಳಿದಿತ್ತು.

"ಇನ್ನೇನು ಕೇಳೋಕೆ ಬಂದೆ?"

"ಕೇಳೋಕಲ್ಲ ಅಕ್ಕಾ. ಆವತ್ತು ಓದದೇ ಇದ್ದಿದ್ದನ್ನ ಓದೋಕೆ ಬಂದೆ. ದೊಡ್ಡಮ್ಮ ನಿಮಗೆ ಹೇಳಿದ್ದು ಅವಳ ಮಾತಲ್ಲ, ನಾನು ಹೇಳಿದ ಸುಳ್ಳು."

ಅವಳು ಬಾಗಿಲನ್ನು ಇನ್ನಷ್ಟು ತೆರೆಯಲಿಲ್ಲ, ಮುಚ್ಚಲೂ ಇಲ್ಲ. ಗಿಣಿ ಕಾರ್ಡಿನ ಬಿಳಿಯ ಬದಿಯನ್ನು ಮೇಲೆ ಮಾಡಿ ಓದಿದಳು. "ಒಬ್ಬರೇ ಕೂತು" ಎಂಬಲ್ಲಿ ದನಿ ಇಳಿಯಿತು. ನಿಲ್ಲಿಸಿ, ಸರಿ ಮಾಡಿಕೊಂಡು, ಮೊದಲಿಂದ ಶುರು ಮಾಡಿದಳು.

ಓದಿ ಮುಗಿದಾಗ ಮೇಣದ ಬತ್ತಿಯವಳು ಅವಳನ್ನು ನೋಡುತ್ತಿರಲಿಲ್ಲ, ಅವಳ ಹೆಗಲಾಚೆ ಎದುರುಮನೆಯನ್ನು ನೋಡುತ್ತಿದ್ದಳು. ಗಿಣಿಯೂ ತಿರುಗಿದಳು. ಮುಂಬಾಗಿಲು ಹಾರುಹೊಡೆದಿತ್ತು. ಮೊಹರಿನ ಸಾಹೇಬರು ತಂತಿ ಬಿಚ್ಚಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ದೊಡ್ಡಮ್ಮ ಪೆಟ್ಟಿಗೆಯ ಮುಚ್ಚಳದ ಮೇಲೆ, ಮಗುವಿನ ಜ್ವರ ಇಳಿಯಿತೇ ಎಂದು ನೋಡುವವಳಂತೆ, ಅಂಗೈಯನ್ನು ಪೂರ್ತಿ ಊರಿದ್ದಳು. ಸಾಹೇಬರು ಏನೋ ಕೇಳಿದರು. ಅವಳು ಕೈ ತೆಗೆಯಲಿಲ್ಲ.