ಎಡ ಮಗ್ಗುಲು

“ಮುಖ ಆ ಕಡೆ, ಅಂಡು ಈ ಕಡೆ! ಇದೇನು ಆಸ್ಪತ್ರೆಯೋ ಎಮ್ಮೆ ಕೊಟ್ಟಿಗೆಯೋ? ತಿರುಗಿಸೇ ಅವಳನ್ನ!”

ವಾರ್ಡಿನ ಮೇಲ್ವಿಚಾರಕ ನನ್ನ ಅತ್ತಿಗೆಯ ಮಂಚದ ಕಾಲಿಗೆ ಒದ್ದ. ಹಾಸಿಗೆಯಲ್ಲಿ ಒಂದು ಸುಕ್ಕು ಕಂಡರೂ ಕುದಿಯುವ ಅವನಿಗೆ ನಾವು ಹೆಂಗಸರು ಇಟ್ಟ ಹೆಸರು ಇಸ್ತ್ರಿ. ಅವತ್ತು ವಾರ್ಡಿಗೆ ಹೊಸ ಹಾಸಿಗೆ ಕೊಟ್ಟ ಧಣಿ ಫೋಟೋ ತೆಗೆಸಿಕೊಳ್ಳಲು ಬರುವವನಿದ್ದ. ಎಲ್ಲರೂ ಅಂಗಾತ ಮಲಗಬೇಕು, ಮುಖ ಕಾಣಬೇಕು, ತುಟಿಯ ಮೇಲೆ ನಗು ಇರಬೇಕು.

ಅದೇ ಧಣಿ ಕಟ್ಟಿಸುತ್ತಿದ್ದ ಮಹಡಿಗೆ ಗಾರೆ ಹೊರುವಾಗಲೇ ಸಾರುವೆಯ ಬೊಂಬು ಮುರಿದು ಅತ್ತಿಗೆ ಬಿದ್ದದ್ದು. ಈಗ ಸೊಂಟದ ಕೆಳಗೆ ಸೂಜಿ ಚುಚ್ಚಿದರೂ ಅವಳಿಗೆ ತಿಳಿಯದು.

“ಸಾರ್, ಬೆನ್ನ ಕೆಳಗೆ ಕೆಂಪಾಗಿದೆ. ಅದರ ಮೇಲೆ ಭಾರ ಬಿಡಬೇಡ ಅಂತ ನರ್ಸಮ್ಮ ಹೇಳಿದಾರೆ.”

“ಹೊಸ ಹಾಸಿಗೆ ಕಣೇ! ನಿಮ್ಮಪ್ಪನ ಮನೇಲಿ ಇಂಥದ್ದರ ಮೇಲೆ ಮಲಗಿದ್ರಾ? ಹೂವಿನ ಹಾಗಿದೆ. ಮುಚ್ಕೊಂಡು ತಿರುಗಿಸು, ಇಲ್ಲಾ ಮನೆಗೆ ಹೊತ್ಕೊಂಡು ಹೋಗು.”

ತಿರುಗಿಸಿದೆ. ಇಸ್ತ್ರಿ ಹೊದಿಕೆಯನ್ನು ಎಳೆದೆಳೆದು ಸಿಗಿಸಿ ಹೋದ.

“ಏ ನಾದಿನಿ,” ಅತ್ತಿಗೆ ಸೂರು ನೋಡುತ್ತಾ ಕೇಳಿದಳು, “ಎಷ್ಟು ಕೆಂಪಾಗಿದೆಯೇ?”

“ನಿನ್ನ ಮದುವೆ ಬಟ್ಟೆಯಷ್ಟು.”

“ಥೂ! ಅದು ಮೊದಲನೇ ಸಲ ಒಗೆದಾಗಲೇ ಬಣ್ಣ ಬಿಡ್ತು. ತಂದಿದ್ದು ನಿಮ್ಮಣ್ಣ ಅಲ್ವಾ?”

“ಇದು ಬಿಡ್ತಿಲ್ಲ, ಅತ್ತಿಗೆ. ಬೆರಳಿಂದ ಒತ್ತಿದರೂ ಬೆಳ್ಳಗಾಗ್ತಿಲ್ಲ.”

ಅವಳ ನಗು ಇಳಿಯಿತು. ಬೇರೆಯವರ ಮನೆಯಲ್ಲಿ ಬಿಟ್ಟ ಕೂಸಿನ ಸುದ್ದಿ ಕೇಳುವಂತೆ ದಿನವೂ ತನ್ನ ಬೆನ್ನಿನ ಸುದ್ದಿಯನ್ನು ನನ್ನಿಂದ ಕೇಳುವವಳು ಅವಳು. ನಾನು ಸುಳ್ಳು ಹೇಳಿದರೆ ಆ ಬೆನ್ನಿಗೆ ಬೇರೆ ದಿಕ್ಕಿಲ್ಲ.

“ಎಣ್ಣೆ ಹಾಕಿ ತಿಕ್ಕಿಬಿಡೇ.”

“ಉಬ್ಬಿದ ಗಾರೆ ತಿಕ್ಕಿದರೆ ಏನಾಗುತ್ತೆ?”

“ಉದುರುತ್ತೆ.”

“ಚರ್ಮಾನೂ ಹಾಗೇ ಅಂತೆ. ಭಾರ ತಪ್ಪಿಸಬೇಕು, ಮಗ್ಗುಲು ಬದಲಾಯಿಸ್ತಾ ಇರಬೇಕು.”

ಪಕ್ಕದ ಮಂಚದ ಅಜ್ಜಿಗೂ ಮೊದಲು ಹೀಗೇ ಕೆಂಪಾಗಿತ್ತಂತೆ. ಈಗ ಅಲ್ಲಿ ಮುಷ್ಟಿ ಹಿಡಿಸುವಷ್ಟು ಗುಂಡಿ. ಮಗಳು ಪಟ್ಟಿ ಬಿಚ್ಚುವಾಗ ಎಲುಬು ಕಾಣುತ್ತದೆ.

ಊಟದ ತಟ್ಟೆಗಳು ಬಂದು ಹೋದವು. ಧಣಿ ಬರಲಿಲ್ಲ. ಇಸ್ತ್ರಿ ಇಣುಕಿ, “ಯಾರೂ ಅಲ್ಲಾಡಬೇಡಿ! ಧಣಿಗಳು ಊಟಕ್ಕೆ ಕೂತಿದಾರೆ,” ಅಂದ.

“ಅವನು ಕೂತು ಉಣ್ಣೋ ತನಕ ನಾವು ಮಲಗಿ ಕೊಳೀಬೇಕೇನೋ, ಮುಂಡೇಮಗನೆ?” ಅಜ್ಜಿ ಅವನು ಹೋದ ಮೇಲೆ ಬೈದಳು.

“ನಾದಿನಿ, ತಿರುಗಿಸೇ ನನ್ನ.”

“ಹೊರಗೆ ಹಾಕಿದರೆ?”

“ಹಾಕಲಿ. ಎತ್ತೋಕೆ ನಾಲ್ಕು ಜನ ಬೇಕು. ಇಸ್ತ್ರಿಯ ಅಂಗಿ ಸುಕ್ಕಾಗುತ್ತೆ.”

ನಗುತ್ತಲೇ ಎದ್ದೆ. ಅಜ್ಜಿಯ ಮಗಳು ಕೇಳದೆಯೇ ಬಂದು ಹಾಸುಬಟ್ಟೆಯ ಆ ತುದಿ ಹಿಡಿದಳು. “ಎಳೀಬೇಡ, ಎತ್ತು,” ಅಂದಳು. ಬಾಗಿಲಿಗೆ ಬೆನ್ನಾಗುವಂತೆ ಎಡ ಮಗ್ಗುಲಿಗೆ ಹೊರಳಿಸಿ ಮೊಣಕಾಲ ನಡುವೆ ದಿಂಬಿಟ್ಟೆವು. ಬೆನ್ನ ಮೇಲಿನ ಬಟ್ಟೆ ಸರಿಸಿದೆ. ಬೆಳಗಿನ ಕೆಂಪು ಅಂಚಿನಲ್ಲಿ ನೇರಳೆಗೆ ತಿರುಗಿತ್ತು.

“ಹೇಗಿದೆ?”

“ಹೆಚ್ಚಾಗಿದೆ.”

ಅವಳು ಕಣ್ಣು ಮುಚ್ಚಿದಳು.

“ನನ್ನನ್ನೂ ಹೊರಳಿಸ್ರೇ,” ಅಜ್ಜಿ ಅಂದಳು. ಅವಳನ್ನು ಹೊರಳಿಸುವಷ್ಟರಲ್ಲಿ ಅದರಾಚೆಯ ಮಂಚದಿಂದ, “ಇಲ್ಲಿಗೂ ಒಂದು ಕೈ ಕೊಡ್ರಮ್ಮಾ.” ನೆಲದ ಮೇಲೆ ಕೂತಿದ್ದ ಅಕ್ಕತಂಗಿಯರು, ಸೊಸೆಯರು ಒಬ್ಬೊಬ್ಬರಾಗಿ ಎದ್ದರು.

ಬೂಟುಗಳ ಸದ್ದಾಯಿತು. “ಬನ್ನಿ ಧಣಿ, ಎಲ್ಲರೂ ನಿಮ್ಮ ದಾರಿಯೇ ಕಾಯ್ತಿದಾರೆ,” ಎನ್ನುತ್ತಾ ಬಾಗಿಲು ತೆರೆದ ಇಸ್ತ್ರಿ ಹಾಗೇ ನಿಂತ. ಸಾಲು ಸಾಲು ಬೆನ್ನುಗಳು. ಒಂದೂ ಕದಲಲಿಲ್ಲ.

ಫೋಟೋದವನು ಕ್ಯಾಮೆರಾ ಇಳಿಸಿದ. “ಸಾರ್, ಇದರಲ್ಲಿ ಏನು ತೆಗೀಲಿ?”

ಅತ್ತಿಗೆ ಗೋಡೆಗೆ ಮುಖ ಮಾಡಿಕೊಂಡೇ ಅಂದಳು, “ನಾದಿನಿ, ಬಟ್ಟೆ ಇನ್ನೂ ಸ್ವಲ್ಪ ಸರಿಸೇ. ಧಣಿಗೆ ಸರಿಯಾಗಿ ಕಾಣಲಿ.”

ಸರಿಸಿದೆ.